ಹತ್ತನೇ ಸೀಸೆ

ಸರಸ್ವತಿಪುರಂ, ಮೈಸೂರು
೮ ಮಾರ್ಚ್ ೨೦೦೯

ಪ್ರೀತಿಯ ಪವಿತ್ರ,

ನಾವು ಕ್ಷೇಮ. ವಿಶಾಖಪಟ್ಟಣದಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಬೆಲ್ಲ ತಲುಪಿ ಎರಡು ತಿಂಗಳಾಗುತ್ತ ಬಂತು. ತಿಂದೂ ಮುಗಿಯಿತು, ಉತ್ತರ ಮಾತ್ರ ಬರೆಯಲಿಲ್ಲ, ತಪ್ಪಾಯಿತು. ಮೂರು ಸಲ ಬರೆದು ಹರಿದು ಹಾಕಿದೆ. ಫೋನ್ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಮೆತ್ತಗಾಗಿಬಿಡುತ್ತೇನೆ. ಈ ಸಲ ಮೆತ್ತಗಾಗಲು ನನಗೆ ಇಷ್ಟವಿಲ್ಲ.

ನಮ್ಮಮ್ಮ ಈಗ ಗೋಡೆ ಹಿಡಿದು ನಡೆಯುತ್ತಾರೆ. ಮೊನ್ನೆ, "ಪವಿತ್ರ ಯಾಕಮ್ಮ ಈ ಕಡೆ ಬರ್ಲೇ ಇಲ್ಲ?" ಎಂದು ಕೇಳಿದರು. ಕೆಲಸ ಜಾಸ್ತಿಯಂತೆ ಎಂದೆ. ನಿನ್ನ ಪರವಾಗಿ ಸುಳ್ಳು ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ.

ವಿಷಯಕ್ಕೆ ಬರುತ್ತೇನೆ. ಜನವರಿ ಕೊನೆಯಲ್ಲಿ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಶಿಲ್ಪಶ್ರೀ ಒಂದು ಲೇಖನದ ಪ್ರತಿ ತಂದು ನನ್ನ ಮುಂದಿಟ್ಟಳು. ಆರು ವಾರದಿಂದ ಕೆಸರು ಜಾಲಿಸಿ ಜಾಲಿಸಿ ಅವಳ ಕೈ ಬಿರಿದಿತ್ತು. "ಮೇಡಂ, ಇವ್ರಿಗೆ ಸಿಕ್ಕಿರೋ ಪದರ ನಂಗ್ಯಾಕೆ ಸಿಕ್ತಾನೇ ಇಲ್ಲ? ನನ್ ಕೈಲೇ ಏನೋ ತಪ್ಪಾಗ್ತಿದೆ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಓದಿದೆ. ಬಂಗಾಳ ಕೊಲ್ಲಿಯ ತಳದ ಕೆಸರು, ಅದರೊಳಗೆ ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿದ ಮೀಥೇನ್, ಆ ಅನಿಲದ ಇಂಗಾಲವೇ ಸುಣ್ಣಕಲ್ಲಿನ ಗಂಟಾಗಿ ಕೂತ ಕಥೆ. ಮೈನಸ್ ನಲವತ್ತೆಂಟು, ಮೈನಸ್ ಐವತ್ತೊಂದು. ಮೀಥೇನಿನಿಂದ ಹುಟ್ಟಿದ ಕಲ್ಲಿಗೆ ಮಾತ್ರ ಬರುವ, ಹಗುರ ಇಂಗಾಲದ ಅಂಕಿಗಳು. ಒಂದೊಂದೂ ನನ್ನ ಪಟ್ಟಿಯದೇ, ಅದೇ ಕ್ರಮದಲ್ಲಿ. ಮೇಲೆ ನಿನ್ನ ಹೆಸರು, ನಿನ್ನ ಮೇಲಧಿಕಾರಿಯ ಹೆಸರು. ನನ್ನದು ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಇಲ್ಲ.

ಆ ಗಂಟುಗಳನ್ನು ಆರಿಸಿದವಳು ನಾನು ಪವಿತ್ರ. ಹದಿನೆಂಟು ಸೀಸೆ ತುಂಬಲು ಹನ್ನೊಂದು ತಿಂಗಳು ಹಿಡಿಯಿತು. ಸೂಕ್ಷ್ಮದರ್ಶಕದ ಕೆಳಗೆ, ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಕಾಳು. ಒಂದು ಚಿಪ್ಪಿನ ಚೂರು ಬೆರೆತರೂ ಸಮುದ್ರದ ನೀರಿನ ಭಾರದ ಇಂಗಾಲ ಸೇರಿ ಎಲ್ಲ ಕೆಡುತ್ತದೆಂದು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಕತ್ತಿನ ನೋವು ಇವತ್ತಿಗೂ ಹೋಗಿಲ್ಲ.

ಸೀಸೆಗಳನ್ನು ಅಳತೆಗೆ ಕಳಿಸಿ, ಅಂಕಿಗಳು ಕೈಸೇರಿದ ವಾರವೇ ಅಮ್ಮನಿಗೆ ಲಕ್ವ ಹೊಡೆಯಿತು. ನೀನು ಓಡಿ ಬಂದೆ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದು, "ನೀನು ಅಮ್ಮನ್ನ ನೋಡ್ಕೋ ಕಣೇ. ಪಟ್ಟಿ ಕೊಡು, ನಾನ್ ಬರ್ದು ಮುಗಿಸ್ತೀನಿ. ಇಬ್ಬರ ಹೆಸ್ರೂ ಇರತ್ತೆ," ಎಂದೆ. ನಾನು ಅತ್ತುಬಿಟ್ಟೆ. ಪಟ್ಟಿ ಕೊಟ್ಟೆ.

ಈಗ ನಿನಗೆ ಗೊತ್ತಿಲ್ಲದ ಮಾತು. ನಿನ್ನ ಲೇಖನದ ಅರ್ಧ ಭಾಗ ಒಂದೇ ಪದರದ ಮೇಲೆ ನಿಂತಿದೆ. ಕೆಸರಿನೊಳಗೆ ಅರವತ್ತೊಂದು ಮೀಟರ್ ಆಳದಲ್ಲಿ ಮೀಥೇನಿನ ಗುರುತು ಇದ್ದಕ್ಕಿದ್ದಂತೆ ಮಾಯ, ಅಂಕಿ ಪ್ಲಸ್ ಒಂದು. ಸಾವಿರಾರು ವರ್ಷ ಅಲ್ಲಿ ಅನಿಲವೇ ನಿಂತುಹೋಗಿತ್ತು ಎಂದು ದೊಡ್ಡ ಸಿದ್ಧಾಂತ ಕಟ್ಟಿದ್ದೀಯ. ಶಿಲ್ಪಶ್ರೀ ಹುಡುಕುತ್ತಿದ್ದುದು ಅದನ್ನೇ. ಅವಳಿಗೆ ಅದು ಸಿಗುವುದಿಲ್ಲ. ಅದು ರಂಗೋಲಿ ಪುಡಿ, ಬರೀ ಸುಣ್ಣಕಲ್ಲಿನ ಹುಡಿ. ಹತ್ತನೇ ಸೀಸೆಗೆ ಮನೆಯ ರಂಗೋಲಿ ತುಂಬಿ, ಸುಳ್ಳು ಆಳ ಬರೆದು, ಉಳಿದವುಗಳ ನಡುವೆ ಸೇರಿಸಿ ಕಳಿಸುವುದು ನನ್ನ ರೂಢಿ. ಅದಕ್ಕೆ ಪ್ಲಸ್ ಒಂದು ಬಂದರೆ ಅಳೆದವರು ಸರಿಯಾಗಿ ಅಳೆದಿದ್ದಾರೆ ಎಂದರ್ಥ. ನೀನು ಅದಕ್ಕೂ ಸಮುದ್ರದಲ್ಲಿ ಜಾಗ ಕೊಟ್ಟೆ. ಮೊದಲು ನಗು ಬಂತು. ಆಮೇಲೆ ಎರಡು ದಿನ ಊಟ ಸೇರಲಿಲ್ಲ.

ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಯುಗಾದಿಯವರೆಗೆ ಕಾಯುತ್ತೇನೆ. ತಪ್ಪಾಯಿತೆಂದು ನೀನೇ ಬರೆದರೆ ನಿನ್ನ ಮರ್ಯಾದೆ ಒಂದಿಷ್ಟಾದರೂ ಉಳಿಯುತ್ತದೆ. ಬರೆಯದಿದ್ದರೆ ಮಾರನೆಯ ದಿನ ನನ್ನದು ಅಂಚೆಗೆ ಹೋಗುತ್ತದೆ. ಇಲ್ಲದ ಪದರಕ್ಕಾಗಿ ಆ ಹುಡುಗಿ ತನ್ನ ವರ್ಷಗಳನ್ನು ಸುರಿಯಬೇಕಾಗಿಲ್ಲ.

ನಿನ್ನ ಮಗ ಸಾಗರ್‌ಗೆ ಪರೀಕ್ಷೆ ಹತ್ತಿರ ಬಂತಲ್ಲ. ಚೆನ್ನಾಗಿ ಬರೆಯಲಿ, ಅವನಿಗೆ ಎಲ್ಲ ಒಳ್ಳೆಯದಾಗಲಿ. ಅವನಿಗೆ ನಾನು ಯಾವತ್ತೂ ಸುಷ್ಮಾ ಆಂಟಿಯೇ.

ಇಂತಿ,
ಸುಷ್ಮಾ

ಮರೆತ ಮಾತು: ನನ್ನ ರೂಢಿ ಎಂದು ಮೇಲೆ ಬರೆದೆನಲ್ಲ, ಅದು ನಿನ್ನದು. ೧೯೯೩, ಎಂ.ಎಸ್ಸಿ. ಕೊನೆಯ ವರ್ಷ. ನಮ್ಮ ಸೀಸೆಗಳನ್ನು ಅಳೆಯುವ ಯಂತ್ರ ನಡೆಸುವವನು ಅಂದಾಜಿನ ಮೇಲೆ ಅಂಕಿ ಬರೆದು ಕಳಿಸುತ್ತಾನೆಂದು ನಿನಗೆ ಅನುಮಾನ. ನಿಮ್ಮ ಮನೆ ಜಗಲಿಯಲ್ಲಿ ಕೂತು, ನಿಮ್ಮಮ್ಮನ ರಂಗೋಲಿಯ ಮೇಲೆ ಒಂದು ಹನಿ ಆಸಿಡ್ ಬಿಟ್ಟು, ನೊರೆ ಎದ್ದದ್ದು ನೋಡಿ, ನೀನೇ "ಹತ್ತನೇ ಸೀಸೆ ನಮ್ಮನೇದು ಕಣೇ, ಯಾರ್ಗೂ ಹೇಳ್ಬೇಡ," ಎಂದೆ. ನಿಮ್ಮಮ್ಮ ದೇವಿರಮ್ಮನವರು, "ತಗೊಳ್ರವ್ವ, ನಿಮ್ ಮಿಷಿನ್ಗೆ ಎಷ್ಟ್ ಬೇಕೋ ತಗೊಳಿ. ನಾಳೆ ಬಾಗಿಲಿಗೆ ಒಂದಿಡಿ ಉಳ್ಸ್ಬುಡಿ, ಸಾಕು," ಎಂದು ನಕ್ಕಿದ್ದರು. ಅವರು ತೀರಿಕೊಂಡ ಮೇಲೆ ಅವರ ರಂಗೋಲಿ ಡಬ್ಬಿಯನ್ನು ನೀನೇ ತಂದು ನನ್ನ ಕೈಗಿತ್ತೆ. ಇವತ್ತಿನವರೆಗೆ ನಾನು ಬೇರೆ ಪುಡಿ ಮುಟ್ಟಿಲ್ಲ. ಪಟ್ಟಿ ಕೊಡುವಾಗ, ಹತ್ತನೆಯದು ಯಾವುದೆಂದು ನಿನಗೆ ಹೇಳಬೇಕೆಂದು ನನಗೆ ತೋಚಲೇ ಇಲ್ಲ. ನನ್ನ ಹೆಸರು ಬಿಟ್ಟದ್ದನ್ನು ಒಂದು ದಿನ ನುಂಗಿಕೊಂಡೇನು. ನಿಮ್ಮಮ್ಮನ ರಂಗೋಲಿ ನಿನ್ನ ಕಣ್ಣೆದುರಿಗೇ ಇತ್ತು ಪವಿತ್ರ, ನೀನು ಅದನ್ನು ಗುರುತಿಸಲಿಲ್ಲ.