ಬೆನ್ನ ಹಿಂದಿನ ಎಡಗೈ

ಅಂಗಡಿಯ ಹಿಂದಿನ ಕೋಣೆ,
ತಾರೀಖು ೧೪, ಭಾನುವಾರ ಸಂಜೆ

ಕೇಳಿರಿ, ಕೇಳಿರಿ, ನೆರೆದ ಮಹಾಜನರೇ! ಮುಂದಿನ ಸಾಲಿನಲ್ಲಿ ಕನ್ನಡಕ ಏರಿಸಿ ಕೂತ ನನ್ನ ಪ್ರೀತಿಯ ತಂಗೀ, ಗೋಡೆಗೊರಗಿ ತೂಕಡಿಸಲು ಸಿದ್ಧರಾದ ಭಾವನವರೇ, ನೆಲದ ಮೇಲೆ ಕಿತ್ತಾಡುತ್ತಿರುವ ಕಪಿಸೈನ್ಯವೇ! ನನ್ನ ಕಾಗದ ಬಂದರೆ ನೀನು ಮನೆಮಂದಿಯನ್ನೆಲ್ಲ ಕೂರಿಸಿ, ನನ್ನದೇ ಗಂಟಲಿನಲ್ಲಿ ಗುಡುಗುತ್ತಾ ಓದುತ್ತೀಯೆಂದು ಗೊತ್ತು. ಹಾಗಾಗಿ ಮೊದಲ ನಮಸ್ಕಾರ ಸಭೆಗೆ. ನಿನ್ನ ಮಂಡಿನೋವು ಹೇಗಿದೆ? ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡೆಯಾ, ಇಲ್ಲ ತುಳಿದೇ ಸಾಯುತ್ತೇನೆಂಬ ಹಟವೋ? ಭಾವನವರ ಕೆಮ್ಮು ಇಳಿಯಿತೇ? ಇಲ್ಲಿ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನನ್ನನ್ನು ಬಯ್ಯುವ ಶಕ್ತಿ ಎಳ್ಳಷ್ಟೂ ಕುಂದಿಲ್ಲ.

ಈಗ ಕಥೆ. ನಮ್ಮ ಕ್ಷೌರದಂಗಡಿಗೆ ಒತ್ತಿಕೊಂಡೇ ಇರುವ ಗಡಿಯಾರದಂಗಡಿಯ ಅಜ್ಜ ನೆನಪಿದ್ದಾರಲ್ಲ, ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಡದೆ ಕೂರಿಸುವವರು? ಕಳೆದ ವಾರ ಎಂದಿನಂತೆ ಕುರ್ಚಿ ಏರಿದರು. ನಾನು ಎಡಗೈಯಿಂದ ಅವರ ಕೆನ್ನೆಯ ಸಡಿಲ ಚರ್ಮವನ್ನು ಎಳೆದು ಹಿಡಿದೆ, ಬಲಗೈಯ ಕತ್ತಿ ಕಿವಿಯ ಕೆಳಗೆ ಇಳಿಯಿತು. ಹಿಡಿದ ಚರ್ಮ ಫಕ್ಕನೆ ಜಾರಿತು. ಬಿಳಿ ನೊರೆಯ ಮೇಲೆ ಕೆಂಪು! ಅಜ್ಜ ಬಟ್ಟೆ ಒತ್ತಿಕೊಂಡು, "ಬಿಡಯ್ಯಾ, ನಾನೇ ಅಲ್ಲಾಡಿಬಿಟ್ಟೆ" ಅಂದರು. ಅವರು ಅಲ್ಲಾಡುವ ಆಸಾಮಿಯೇ ಅಲ್ಲ. ಆದರೂ ಆ ಮಾತನ್ನು ನಾನು ಕಿರೀಟದಂತೆ ತಲೆಗೇರಿಸಿಕೊಂಡೆ. ನಿನ್ನ ಅತ್ತಿಗೆ ಮಾತ್ರ ಬಿಡಲಿಲ್ಲ. "ಸುಮ್ನೆ ಕೂತಾಗೆಲ್ಲ ನಿಮ್ಮ ಎಡಗೈ ತೊಡೆ ಮೇಲೆ ತಾಳ ಹಾಕುತ್ತೆ, ಡಾಕ್ಟರ ಹತ್ರ ನಡೀರಿ" ಎಂದಳು. "ಅಪ್ಪನ ಕೈಯೂ ನಡುಗ್ತಿತ್ತು, ಕೊನೇವರೆಗೂ ಕತ್ತಿ ಹಿಡಿದ. ನನ್ನ ಡಾಕ್ಟರು ಬಲೂನು ಕಣೇ!" ಎಂದು ನಾನು ಮಾಡು ಹಾರುವಂತೆ ಅಬ್ಬರಿಸಿದೆ.

ಅಪ್ಪನ ಕಾನೂನು ನಿನಗೂ ಬಾಯಿಪಾಠ. ಕೈಯ ಮೇಲೆ ಅನುಮಾನ ಬಂದರೆ, ಊದಿದ ಬಲೂನನ್ನು ಕುರ್ಚಿಗೆ ಕಟ್ಟಿ, ನೊರೆ ಬಳಿದು, ಗಿರಾಕಿಗಳ ಎದುರಿಗೇ ಬೋಳಿಸಬೇಕು. ಎಡಗೈ ಬೆನ್ನ ಹಿಂದೆ, ರಾಜಪಾರ್ಟಿನವನ ಠೀವಿಯಲ್ಲಿ! ಬಲೂನು ಒಡೆದರೆ ಅಂದೇ ಕತ್ತಿ ಕೆಳಗಿಡಬೇಕು. ನಾಟಕದ ಟೆಂಟಿನಲ್ಲಿ ನಮ್ಮಿಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು, ಕಾನೂನಿಗೂ ಒಂದು ರಂಗಸಜ್ಜಿಕೆ ಇಟ್ಟ. ಬುಧವಾರ ನಾನು ಬೀದಿಗೆಲ್ಲ ಸಾರಿದೆ. ಅಂಗಡಿ ತುಂಬ ಜನ. "ಬಲೂನಿಗೆ ಇನ್ಶೂರೆನ್ಸ್ ಮಾಡ್ಸಿದೀಯೇನಯ್ಯಾ?" ಎಂದು ಬೇಕರಿಯವನ ಕೀಟಲೆ. ಕತ್ತಿ ಸರ್ರನೆ ಸರಿಯಿತು, ನೊರೆ ಇಳಿಯಿತು, ಬಲೂನು ಹಸುಗೂಸಿನ ಕೆನ್ನೆಯಂತೆ ಹೊಳೆಯಿತು. ಚಪ್ಪಾಳೆಯೋ ಚಪ್ಪಾಳೆ! ಕಿವಿಯ ಕೆಳಗಿನ ಪಟ್ಟಿ ಮುಟ್ಟಿಕೊಳ್ಳುತ್ತಾ ಅಜ್ಜನೂ ನಕ್ಕರು. ಗೆದ್ದವನ ಗತ್ತಿನಲ್ಲಿ ನಾನು ತಲೆಯೆತ್ತಿದೆ.

ತಂಗೀ, ಇಲ್ಲಿಗೆ ಪರದೆ ಎಳೆ. ಮಕ್ಕಳನ್ನು ಆಡಲು ಕಳಿಸು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೋ.

ನಮ್ಮಂಗಡಿಯಲ್ಲಿ ಎದುರಿಗೊಂದು ಕನ್ನಡಿ, ಹಿಂದೊಂದು ಕನ್ನಡಿ. ಜನರೆಲ್ಲ ಬಲೂನನ್ನೇ ನೋಡುತ್ತಿದ್ದರು. ನನ್ನ ಬೆನ್ನು ಕಂಡದ್ದು ನನಗೊಬ್ಬನಿಗೇ. ಬೆನ್ನ ಹಿಂದೆ ಮಡಚಿಟ್ಟ ಎಡಗೈ ಬಲೆಗೆ ಬಿದ್ದ ಹಕ್ಕಿಯಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಇನ್ನೊಂದು. ಸಾಲು ಸಾಲಾಗಿ ನಡುಗುವ ಕೈಗಳು, ಎಲ್ಲವೂ ನನ್ನವೇ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಬಲೂನಿಗೆ ಎಳೆದು ಹಿಡಿಯಬೇಕಾದ ಕೆನ್ನೆ ಎಲ್ಲಿದೆ ಹೇಳು? ಅಪ್ಪನ ಪರೀಕ್ಷೆ ಎಡಗೈಯನ್ನು ಕೇಳಿಯೇ ಇರಲಿಲ್ಲ.

ಮರುದಿನ ಬಾಯಿ ಮುಚ್ಚಿಕೊಂಡು ನಿನ್ನ ಅತ್ತಿಗೆಯ ಹಿಂದೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಫಿ ಎಷ್ಟು, ಕುಡಿತ ಉಂಟೋ ಬಿಟ್ಟದ್ದೋ, ಉಬ್ಬಸಕ್ಕೆ ಔಷಧಿ ಏನಾದರೂ ಇದೆಯೋ, ಹಸಿದಾಗ ನಡುಗುತ್ತದೋ, ಎಲ್ಲ ಕೇಳಿದರು. ಥೈರಾಯ್ಡಿಗೆಂದು ರಕ್ತ ತೆಗೆಸಿದರು. ಅದರಲ್ಲೇನೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಕೈಗಳನ್ನು ತೊಡೆಯ ಮೇಲಿಡಿಸಿ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ಎಡಗೈಯ ಹೆಬ್ಬೆರಳೂ ತೋರುಬೆರಳೂ ಇಲ್ಲದ ಗುಳಿಗೆಯೊಂದನ್ನು ಉರುಳಿಸತೊಡಗಿದವು. ನಡೆಸಿ ನೋಡಿದರು, ಎಡತೋಳು ಬೀಸುವುದನ್ನೇ ಮರೆತಿತ್ತು. ವಾಸನೆ ತಿಳಿಯುತ್ತದೆಯೇ ಅಂದರು. ಆಗ ನೆನಪಾಯಿತು, ನಮ್ಮಂಗಡಿಯ ಸೋಪು ಮೂಗಿಗೆ ಬಡಿದು ಎಷ್ಟು ಕಾಲವಾಯಿತೋ! ಅಪ್ಪನ ಮಾತೆತ್ತಿದೆ. "ಅವರ ಕೈ ಲೋಟ ಎತ್ತಿದಾಗ ನಡುಗ್ತಿತ್ತು ಅಂತೀರಿ. ನಿಮ್ಮದು ಸುಮ್ಮನಿದ್ದಾಗ, ಒಂದೇ ಕಡೆ. ಎರಡೂ ಬೇರೆ ಬೇರೆ, ಯಜಮಾನರೇ" ಎಂದರು. ನರದ ಕಾಯಿಲೆಯ ಹೆಸರೊಂದನ್ನು ಹೇಳಿ, ಖಚಿತ ಮಾಡಬೇಕಾದವರು ನರದ ಡಾಕ್ಟರು ಎಂದರು. ವಾಸಿಯಾಗುತ್ತದೆಯೇ ಅಂದೆ. "ಹಿಡಿತದಲ್ಲಿಡಬಹುದು" ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ನಿನ್ನ ಅತ್ತಿಗೆಗೆ ಇನ್ನೊಂದು ಮಾತು ಹೇಳಿದರು: ನಡುಕದ ಜೊತೆ ಎಂದಾದರೂ ಮಾತು ತೊದಲಿ, ಬಾಯಿ ಓರೆಯಾಗಿ, ಒಂದು ಕೈ ಸೋತು ಬಿದ್ದರೆ, ಅದು ಬೇರೆಯೇ ಅಪಾಯ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಿ.

ಭಾವನವರಿಗೆ ನಮಸ್ಕಾರ, ಕಪಿಸೈನ್ಯಕ್ಕೆ ಆಶೀರ್ವಾದ. ನೂರು ಕಾಲ ನಗುನಗುತ್ತಾ ಬಾಳಿರಿ.

ನಿನ್ನ,
ಗುಡುಗಣ್ಣ

ತಾ.ಕ.: ಅವಸರದಲ್ಲಿ ಎರಡೇ ಮಾತು. ಕಾಗದ ಉಳಿಸೋಕೆ ಇರುವೆಸಾಲು ಬರೀತೀಯಾ ಎಂದು ಹೋದ ಸಲ ನೀನು ಬೈದಿದ್ದೆ. ಈ ಸಲ ದಪ್ಪಕ್ಷರದಲ್ಲೇ ಬರೆಯಬೇಕೆಂದು ಕೂತೆ, ಆದರೂ ಸಾಲು ಸಾಲಿಗೆ ಅಕ್ಷರ ಕುಗ್ಗಿ ಮತ್ತೆ ಇರುವೆಯೇ ಆಯಿತು. ಬಲಗೈಯೂ ನನ್ನ ಮಾತು ಕೇಳುತ್ತಿಲ್ಲ, ನೋಡು. ನರದ ಡಾಕ್ಟರಿರುವುದು ನಿಮ್ಮೂರಿನಲ್ಲೇ, ಗುರುವಾರ ಬರುತ್ತೇವೆ, ಚಾಪೆ ಹಾಸಿಡು. ಬಲೂನು ಒಡೆಯದ್ದನ್ನು ಕಣ್ಣಾರೆ ಕಂಡ ಅಜ್ಜ ಮತ್ತೆ ನನ್ನ ಕುರ್ಚಿಗೇ ಬರುತ್ತಾರಂತೆ. ನಾಳೆ ಬೆಳಿಗ್ಗೆ ಅವರನ್ನು ಕೂರಿಸಿ, ನೊರೆ ಹಚ್ಚದೆ, ಬೆನ್ನ ಹಿಂದಿನ ಈ ಕೈಯನ್ನು ಎಲ್ಲರ ಮುಂದೆ ಚಾಚಿ, "ಅಂದು ಅಲ್ಲಾಡಿದ್ದು ನೀವಲ್ಲ ಅಜ್ಜಾ, ನಾನು" ಎಂದು ಹೇಳಿ ಕತ್ತಿ ಮಡಿಸುತ್ತೇನೆ.