ಓದಿ ಹೇಳದೆ ಸಹಿ ಇಲ್ಲ

ಮನೆಯಿಂದ,
ಸೋಮವಾರ ಮಧ್ಯಾಹ್ನ, ಹದಿನಾರನೇ ತಾರೀಖು

ನನ್ನ ಮೊಂಡು ಮಗಳೇ,

ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತಾ? ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಏನಾದರೂ ಹಚ್ಚಿಕೊಂಡೆಯಾ, ಇಲ್ಲ ನೋವು ತಡೆದುಕೊಳ್ಳುವುದೇ ಶೌರ್ಯ ಅಂದುಕೊಂಡಿದ್ದೀಯಾ? ನನ್ನ ಮಂಡಿ ನನ್ನ ಹಾಗೇ ಇದೆ, ಯಾರ ಮಾತೂ ಕೇಳುವುದಿಲ್ಲ. ನಿನ್ನಪ್ಪ ಚೆನ್ನಾಗಿದ್ದಾರೆ. ಪೇಪರ್ ಓದುತ್ತ ನಿದ್ದೆ ಹೋಗುತ್ತಾರೆ, ಎದ್ದು ಅದೇ ಪುಟವನ್ನು ಮತ್ತೆ ಓದಿ "ಈ ದೇಶದಲ್ಲಿ ಏನೂ ಬದಲಾಗಿಲ್ಲ ಕಣೇ" ಅನ್ನುತ್ತಾರೆ.

ಈಗ ಸುದ್ದಿ. ಹತ್ತು ದಿನದ ಹಿಂದೆ ನಿನ್ನ ಹಳೆಯ ಠಾಣೆಗೆ ಹೋಗಿದ್ದೆ. ಗಾಬರಿಯಾಗಬೇಡ, ಈ ಸಲ ವ್ಯಾನಿನಲ್ಲಿ ಅಲ್ಲ, ನಡೆದುಕೊಂಡೇ. ನೀನು ಅಲ್ಲಿ ಎರಡು ವರ್ಷ ಕೆಲಸ ಮಾಡಿದಾಗ ಒಂದು ದಿನವೂ ಆ ಮೆಟ್ಟಿಲು ತುಳಿಯದವಳು ನಾನು. ನಿನ್ನ ತರಬೇತಿ ಮುಗಿದ ದಿನದ ಕವಾಯತಿಗೂ ಬರಲಿಲ್ಲ. ಅದು ತಪ್ಪು ಅಂತ ಈಗಲೂ ಅನ್ನುವುದಿಲ್ಲ. ಧರಣಿ ಕೂತ ನನ್ನನ್ನು ಆ ಠಾಣೆಯವರು ಹದಿನಾಲ್ಕು ಸಲ ಬೀದಿಯಿಂದ ಎತ್ತಿಕೊಂಡು ಹೋಗಿದ್ದಾರೆ. ಎಡಭುಜ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಹದಿನಾಲ್ಕು ಸಲವೂ ಕಾಗದದ ಕೊನೆಯಲ್ಲಿ ಒಂದು ಅಚ್ಚಾದ ಸಾಲು ಇರುತ್ತಿತ್ತು: "ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದ್ದಾರೆ." ಒಬ್ಬನಾದರೂ ಒಂದಕ್ಷರ ಓದಿ ಹೇಳಿದ್ದನಾ? ಕೇಳಿದರೆ "ಸುಮ್ನೆ ಸಹಿ ಹಾಕಮ್ಮ, ಊಟದ ಹೊತ್ತಾಯ್ತು" ಅನ್ನುತ್ತಿದ್ದರು. ಅಂಥ ಕಾಗದಗಳಲ್ಲೇ ನಮ್ಮಂಥವರ ಬಾಳು ಹೂತುಹೋಗಿದೆ.

ಹೋಗಿದ್ದು ಯಾಕೆಂದರೆ, ನಮ್ಮ ಸಾಲಿನ ಕೊನೆ ಮನೆಯ ಗಡಿಬಿಡಿ ಇದ್ದಾಳಲ್ಲ, ನಡೆಯುವುದೇ ಗೊತ್ತಿಲ್ಲದೆ ಸದಾ ಓಡುವವಳು, ಅವಳಿಗಾಗಿ. ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಅವಳ ಕೆಲಸ. ಅಲ್ಲಿನ ಬಿಸಿ ರೋಲರಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಕೈ ಒಳಗೆ ಹೋಗದಂತೆ ರೋಲರಿನ ಮುಂದೆ ಒಂದು ಅಡ್ಡಕಂಬಿ ಇತ್ತು. ಬಟ್ಟೆ ಬೇಗ ಬೇಗ ಸರಿಯಲಿ ಅಂತ ಮಾಲೀಕ ಅದನ್ನು ಬಿಚ್ಚಿಸಿದ್ದ. ಬ್ಯಾಂಡೇಜು ಕಟ್ಟುವಾಗಲೇ ಮೇಸ್ತ್ರಿ ಆಸ್ಪತ್ರೆಗೆ ಬಂದು "ನಾನೇ ಕೈ ಹಾಕಿದೆ ಅಂತ ಹೇಳಿಬಿಡು ತಾಯಿ, ಕೆಲಸ ಉಳಿಯುತ್ತೆ" ಅಂದನಂತೆ. ಏನು ದೊಡ್ಡ ಮನಸ್ಸು ನೋಡು, ಬೆರಳು ತಿಂದು ಕೆಲಸ ಕೊಡುತ್ತಾನೆ. ಇನ್ನೂ ಹನ್ನೊಂದು ಹೆಂಗಸರು ಈಗಲೂ ಕಂಬಿಯಿಲ್ಲದ ಆ ರೋಲರಿನ ಮುಂದೆ ನಿಂತಿದ್ದಾರೆ. ದೂರಿನಲ್ಲಿ ತಪ್ಪು ಇವಳದೇ ಅಂತ ಬಿದ್ದರೆ ಕಂಬಿ ಮತ್ತೆ ಬರುವುದಿಲ್ಲ, ಇನ್ನೊಬ್ಬಳ ಕೈ ಹೋಗುತ್ತದೆ.

ಟೊಂಕ ಕಟ್ಟಿ, ಅವಳನ್ನೂ ಕರೆದುಕೊಂಡು ಹೋದೆ. ಬೈಗುಳವನ್ನೂ ದಾರಿಯಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ. ಒಳಗೆ ನೋಡಿದರೆ ಹಿಂದೆ ಬಿಸಿಲಿನಲ್ಲಿ ಇರುತ್ತಿದ್ದ ಬೆಂಚು ಫ್ಯಾನಿನ ಕೆಳಗಿದೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡ ನಿಮ್ಮ ರೈಟರ್, ದೂರು ಬರೆದುಕೊಳ್ಳುವವನು, ನನ್ನನ್ನು ನೋಡಿ ಎದ್ದು ನಿಂತು "ಬನ್ನಿ ಅಮ್ಮ, ನಿಮ್ಮ ಹೆಸರು ನಮ್ಮ ನಾಲ್ಕು ರಿಜಿಸ್ಟರಿನಲ್ಲಿದೆ, ಪರಿಚಯ ಬೇಡ" ಅಂದ. ನಗು ಬಂತು, ನುಂಗಿಕೊಂಡೆ. ಆ ಕಡೆ ಮೇಜಿನಲ್ಲಿ ಬೀದಿ ಗಸ್ತು ತಿರುಗುವ ಬೀಟಿನ ಹುಡುಗ ಬಂದು, ಒಂಟಿಯಾಗಿರುವ ನಿವೃತ್ತ ಮೇಷ್ಟ್ರ ಬಾಗಿಲಲ್ಲಿ ನಿನ್ನೆಯ ಹಾಲಿನ ಪ್ಯಾಕೆಟ್ ಹಾಗೇ ಇತ್ತು, ಬಾಗಿಲು ತೆಗೆಸಿದೆ, ಜ್ವರದಲ್ಲಿ ಮಲಗಿದ್ದರು, ಆಸ್ಪತ್ರೆಗೆ ಸೇರಿಸಿ ಬಂದೆ ಅಂತ ಬರೆಸುತ್ತಿದ್ದ. ಹಾಲಿನ ಪ್ಯಾಕೆಟ್ ನೋಡುವ ಪೊಲೀಸರನ್ನು ನಾನು ಕಂಡಿರಲಿಲ್ಲ. ನಾನು ಕಂಡವರು ಕರಪತ್ರ ಮಾತ್ರ ನೋಡುತ್ತಿದ್ದರು.

ಗಡಿಬಿಡಿ ಹೇಳಿದ್ದನ್ನು ರೈಟರ್ ಬರೆದುಕೊಂಡ. ಸಹಿಗೆ ಕಾಗದ ತಿರುಗಿಸುತ್ತಾನೆ, ಆಗ ಹಿಡಿಯೋಣ ಅಂತ ಕಾಯುತ್ತಿದ್ದೆ. ಅವನು ತಿರುಗಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದ. "ತನ್ನ ಅಜಾಗರೂಕತೆಯಿಂದ ಕೈ ಸಿಕ್ಕಿಕೊಂಡು" ಅನ್ನುವಲ್ಲಿಗೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಗಡಿಬಿಡಿ, ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದವಳು, "ನಿಲ್ಸಣ್ಣ, ನಾನು ಹಂಗೆ ಹೇಳ್ಲಿಲ್ಲ. ಕಂಬಿ ಬಿಚ್ಚಿದ್ರು ಅಂದೆ" ಅಂದಳು. ಅವನ ಮುಖ ಕಪ್ಪಿಟ್ಟಿತು. "ಇಪ್ಪತ್ತು ವರ್ಷದ ಚಾಳಿ ತಾಯಿ, ಕೈ ತಾನೇ ಬರೆದುಬಿಡುತ್ತೆ" ಅಂದ. ಆ ಮಾತಿನ ಮೇಲೆ ಒಂದೇ ಗೆರೆ ಎಳೆದ, ಕೆಳಗಿನ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ ಅವಳ ಮಾತನ್ನೇ ಬರೆದ, ತನ್ನ ಸಹಿ ಹಾಕಿದ, ಅವಳ ಎಡಗೈ ಹೆಬ್ಬೆಟ್ಟು ಹಾಕಿಸಿದ. ಹೀಗೆ ಮೂರು ಕಡೆ. ಆಮೇಲೆ ನನ್ನ ಕಡೆ ತಿರುಗಿ, "ಇದು ನಮ್ಮ ಮೇಡಂ ಹಾಕಿಕೊಟ್ಟ ಪದ್ಧತಿ. ಓದಿ ಹೇಳದೆ ಸಹಿ ಇಲ್ಲ. ಹೊಡೆದುಹಾಕಿದ್ದು ಕಾಣಬೇಕು, ಶುದ್ಧ ಪ್ರತಿ ಮಾಡೋ ಹಾಗಿಲ್ಲ. ಮೊದಲ ತಿಂಗಳು ನಾವೆಲ್ಲ ಅವರನ್ನು ಬೈದುಕೊಂಡಿದ್ದೆವು" ಅಂದ.

ಜೋಡಿಸಿಕೊಂಡು ಹೋದ ಬೈಗುಳ ಒಂದೂ ಖರ್ಚಾಗಲಿಲ್ಲ. ಹೊರಗೆ ಬಂದು ಕಾಂಪೌಂಡ್ ಗೋಡೆ ಹಿಡಿದುಕೊಂಡೆ. ಗಡಿಬಿಡಿ "ಯಾಕಕ್ಕ, ಮಂಡೀನಾ?" ಅಂದಳು. ಹೌದು, ಮಂಡಿ ಅಂದೆ. ಮಗಳೇ, ನಾವು ಮೂವತ್ತು ವರ್ಷ ಗಂಟಲು ಹರಿದುಕೊಂಡು ಆ ಗೋಡೆಯ ಹೊರಗೆ ಕೇಳಿದ್ದನ್ನು ನೀನು ಒಳಗೆ ಕೂತು ಮಾಡಿಸಿದ್ದೀಯ. ಪೊಲೀಸರನ್ನೆಲ್ಲ ನಾನು ಕ್ಷಮಿಸಿಬಿಟ್ಟೆ ಅಂತ ತಿಳಿಯಬೇಡ. ಆದರೆ ಆ ರೈಟರನ್ನು, ಆ ಹಾಲಿನ ಪ್ಯಾಕೆಟ್ ಹುಡುಗನನ್ನು, ನಿನ್ನನ್ನು ನೋಡಿ ನನ್ನ ಎದೆ ಉಬ್ಬಿತು. ಇದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆದೆ.

ಹೊಟ್ಟೆ ತುಂಬ ಉಣ್ಣು, ಯಾರ ಮುಂದೆಯೂ ಕುಗ್ಗಬೇಡ. ನಿನ್ನಪ್ಪನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿಕೋ, ಬೇರೆ ಕಾಗದ ಬರೆಯಲು ಅವರಿಗೆ ಸೋಮಾರಿತನ.

ನಿನ್ನ ಹೆತ್ತವಳು

ಮರೆಯುವ ಮೊದಲು: ನಿಮ್ಮೂರಿನ ಬಸ್ಸು ಹೊರಡುವ ಹೊತ್ತಾಯಿತು, ಗಡಿಬಿಡಿಯ ತಮ್ಮ ಆ ಬಸ್ಸಿನ ಡ್ರೈವರ್, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಜಾಗಕ್ಕೆ ಬಂದ ಹೊಸ ಸಾಹೇಬರು ಆ ದೂರು ನೋಡಿ "ಏನ್ರೀ ಇದು ಗೀಚಾಟ, ಶುದ್ಧ ಪ್ರತಿ ಮಾಡಿ" ಅಂದಿದ್ದಾರೆ. ಗುರುವಾರ ಹನ್ನೊಂದಕ್ಕೆ ಗಡಿಬಿಡಿ ಹೋಗಿ ಹೊಸ ಪ್ರತಿಗೆ ಹೆಬ್ಬೆಟ್ಟು ಒತ್ತಬೇಕಂತೆ. ಹೊಡೆದುಹಾಕಿದ "ಅಜಾಗರೂಕತೆ" ಆ ಪ್ರತಿಯಲ್ಲಿ ಮತ್ತೆ ಬಂದು ಕೂತರೆ ಅವಳಿಗೆ ಓದಿ ಹೇಳುವವರು ಯಾರು? ನಿನ್ನೆ ಲಾಂಡ್ರಿ ಮಾಲೀಕನ ಕಾರು ಠಾಣೆಯ ಮುಂದೆ ಒಂದು ಗಂಟೆ ನಿಂತಿತ್ತು. ರೈಟರ್ ನಿನ್ನ ಪದ್ಧತಿಯ ಮಾತೆತ್ತಿದ್ದಕ್ಕೆ "ಆದೇಶ ಎಲ್ಲಿದೆ ತೋರಿಸಿ" ಅಂದರಂತೆ. ಪಾಪ, ಬೀರುವನ್ನೆಲ್ಲ ಕೆದಕಿದ್ದಾನೆ, ಸಿಕ್ಕಿಲ್ಲ. ಎರಡು ವರ್ಷ ಬಾಯಿಮಾತಿನಲ್ಲೇ ನಡೆಸಿದೆಯಾ, ದಡ್ಡಿ? ಊರವರ ಮಾತನ್ನೆಲ್ಲ ಕಾಗದಕ್ಕೆ ಇಳಿಸಿದವಳಿಗೆ ನಿನ್ನದೊಂದು ಮಾತು ಇಳಿಸಲು ಪುರುಸೊತ್ತಿರಲಿಲ್ಲವಾ? ಈಗ ಬರೆ. ಯಾವ ತಾರೀಖಿನಿಂದ, ಯಾರಿಗೆ, ಏನು ಹೇಳಿದ್ದೆ, ಯಾಕೆ ಹೇಳಿದ್ದೆ, ಎಲ್ಲ. ಫೋನ್ ಮಾಡಬೇಡ, ಅದೂ ಬಾಯಿಮಾತೇ. ಮೇಲಿನವರಿಗೂ ಒಂದು ಪ್ರತಿ ಹಾಕು. ಬೇರೆಯವರ ಠಾಣೆಯಲ್ಲಿ ತಲೆ ಹಾಕಿದಳು ಅಂತ ನಿನಗೆ ತೊಂದರೆ ಕೊಡುತ್ತಾರೆ, ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ. ಬುಧವಾರ ಡ್ರೈವರ್ ವಾಪಸ್ ಬರುವಾಗ ಅವನ ಕೈಯಲ್ಲಿ ಕೊಡು. ಗುರುವಾರ ಲಾಂಡ್ರಿಯ ಹನ್ನೊಂದು ಜನ, ಗಡಿಬಿಡಿ, ನಾನು ಠಾಣೆಯ ಮೆಟ್ಟಿಲ ಮೇಲೆ ಕೂರುತ್ತೇವೆ. ನಿನ್ನ ಕಾಗದವನ್ನು ಎಲ್ಲರೆದುರು ಓದುವವಳು ನಾನು. ಮಗಳಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಇಷ್ಟು ವರ್ಷ "ಸರ್ಕಾರಿ ಕೆಲಸ" ಅಂತ ಹೇಳಿ ಮಾತು ಬದಲಿಸುತ್ತಿದ್ದೆ. ಸಹಿಯ ಕೆಳಗೆ ನಿನ್ನ ಹುದ್ದೆಯನ್ನು ಪೂರ್ತಿ ಬರೆ, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತೇನೆ.