ಹಸಿರು ಗಾಜಿನ ಚೂರು

ಸೆಪ್ಟೆಂಬರ್ 8, ಬೆಳಿಗ್ಗೆ 10

ತೇವಾಂಶ ಸರಿ. ಹುಳ ಇಲ್ಲ. ತುಂಡು ಸ್ವಲ್ಪ ಹೆಚ್ಚು. ಹದಿನೆಂಟು ವರ್ಷದಿಂದ ಫ್ಯಾಕ್ಟರಿಯಲ್ಲಿ ಗೇರುಬೀಜದ ಕ್ವಾಲಿಟಿ ನೋಡುತ್ತಿದ್ದೇನೆ. ಬಾಯಿಗೆ ಹಾಕಿಕೊಳ್ಳುವುದು ಮರೆತೇ ಹೋಗಿದೆ.

ಬೀಜ ಆರಿಸುವ ಶರಣ್ಯಾ ರಜೆ ಮುಗಿಸಿ ಬಂದಳು. ಏಳು ತಿಂಗಳ ಬಸುರಿ. ಬಯಕೆ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆ ಎರಡೂ ಕೈಯಲ್ಲಿ. ಹಾಲ್‌ನ ಒಳಗೆ ಗಾಜು ತರುವಂತಿಲ್ಲ. ತೆಗೆ ಎಂದೆ. ಉತ್ತರ ಬಂದದ್ದು ಪಕ್ಕದ ಹಳೆಯ ಕೆಲಸಗಾರ್ತಿ ಕುಸುಮಾವತಿಯಿಂದ.

"ಹೆರಿಗೆ ಆಪಲ್ಲಿವರೆಗೆ ತೆಗುಕಾಗ ಸಾರ್. ನಿಮ್ ಹೆಂಡ್ತಿ ತೆಗ್ದಿದ್ರಾ?"

"ಹಂಗಾರೆ ಒಳಗ್ ಬಿಡುದ್ ಹ್ಯಾಂಗೆ?"

"ಕಾಲ್ಚೀಲ ಕತ್ರಿಸಿ ಮೇಲೆ ಹಾಕಿರೆ ಆಯ್ತ್. ಬಳೆ ಎಂತ ರೆಕ್ಕೆ ಕಟ್ಕಂಡ್ ಹಾರತ್ತಾ?"

ಎಲ್ಲರೂ ನಕ್ಕರು. ನಾನೂ. ಚೆಕ್‌ಲಿಸ್ಟಿನಲ್ಲಿ ‘ಗಾಜು ಇಲ್ಲ’ ಎಂಬಲ್ಲಿ ಟಿಕ್ ಹಾಕಿದೆ.

ಸೆಪ್ಟೆಂಬರ್ 12

ದೀಪಾವಳಿ ಆರ್ಡರ್. ಬೀಜ ಆರಿಸುವ ಎರಡು ಮೇಜು ದಾಟಿ ಪ್ಯಾಕೆಟ್ಟಿಗೆ ಹೋಗುತ್ತಿತ್ತು. ಇಂದು ಎರಡನೆಯದನ್ನು ಎತ್ತಿಸಿದರು.

"ಎರಡೆರಡ್ ಸಲ ಆರ್ಸುದ್ ಎಂತಕೆ?" ಮ್ಯಾನೇಜರ್ ವಿಶಾಲ್. "ಆ ಕೂಲಿ ಸೇರ್ಸಿದ್ ರೇಟಿಗೆ ಅಂಗಡಿಯವ್ರ್ ತಕಂತಿಲ್ಲೆ."

ಲಿಖಿತವಾಗಿ ಕೊಡಿ ಎನ್ನಬೇಕೆಂದಿದ್ದೆ. ಎನ್ನಲಿಲ್ಲ.

ಸೆಪ್ಟೆಂಬರ್ 19, ಸಂಜೆ 5

ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ. ಶರಣ್ಯಾ ಬಾಗಿಲಲ್ಲಿ ಬಂದು ನಿಂತಳು. ಏನೋ ಹೇಳುವುದಿತ್ತಂತೆ. ನಾಳೆ ಎಂದೆ. ನಾಳೆ ನನಗೆ ರಜೆ, ಬ್ರಹ್ಮಾವರಕ್ಕೆ ಹೋಗುವುದಿದೆ — ಅದು ಆಮೇಲೆ ನೆನಪಾಯಿತು.

ಅಕ್ಟೋಬರ್ 16

ಪುಣೆಯಿಂದ ದೂರು. ಫೋಟೋ ಕಳಿಸಿದ್ದಾರೆ. ಉಗುರಿನಷ್ಟು ಹಸಿರು ಗಾಜು, ಪಕ್ಕದಲ್ಲಿ ನಮ್ಮ ಪ್ಯಾಕೆಟ್. ವಯಸ್ಸಾದ ಹೆಂಗಸಿನ ನಾಲಿಗೆಗೆ ಎರಡು ಹೊಲಿಗೆ. ಬ್ಯಾಚ್ ಸೆಪ್ಟೆಂಬರ್ 19ರದ್ದು.

"ರೂಲ್ ಬೋರ್ಡ್ ಗೋಡೆ ಮೇಲಿತ್ತಲೆ," ಎಂದ ವಿಶಾಲ್. "ಕಂಪನಿದ್ ಎಂತ ತಪ್ಪಿತ್? ಬಳೆ ಹಾಕಿದವ್ಳ್ ಹೆಸ್ರ್ ವರದಿಯಲ್ ಬರೀರಿ. ಮನೆಗ್ ಕಳ್ಸುವ."

ಕಳಿಸಿದರೆ ಹೆರಿಗೆ ರಜೆಯ ಸಂಬಳ ಇಲ್ಲ. ಮಗು ಎತ್ತಿಕೊಂಡು ಮರಳಿ ಬರಲು ಜಾಗವೂ ಇಲ್ಲ.

ಅಕ್ಟೋಬರ್ 18

ಕುಂದಾಪುರ ಪೇಟೆ. ತೊಗರಿಬೇಳೆ ಎರಡು ಬಗೆ, ಆರು ರೂಪಾಯಿ ವ್ಯತ್ಯಾಸ. ಕೈ ತಾನಾಗಿ ಕಡಿಮೆಯದರತ್ತ ಹೋಯಿತು. ಆ ಆರು ರೂಪಾಯಿಗಾಗಿ ಎಲ್ಲಿ, ಯಾವ ಮೇಜು ಎತ್ತಿಸಿದರೋ… ಚೀಲಕ್ಕೆ ಅದನ್ನೇ ಹಾಕಿದೆ.

ಅಕ್ಟೋಬರ್ 23

ಹಬ್ಬದ ರಜೆ ಮುಗಿಯಿತು. ಶರಣ್ಯಾಳನ್ನು ಕರೆಸಿದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಎಷ್ಟ್ ಬಳೆ ಹಾಕಿದ್ರ್ ನಿಂಗೆ?"

"ಹತ್ತೊಂಬತ್ತ್."

"ಈಗ?"

"ಹದ್ನೆಂಟ್." ಸುತ್ತು ಬಳಸಲಿಲ್ಲ. "ಸೆಕಿಗೆ ಕೈ ತುರ್ಸ್ತಿತ್ತ್ ಸಾರ್. ಕಾಲ್ಚೀಲ ಒಂದ್ ಗಳಿಗೆ ತೆಗ್ದೆ. ಮೇಜಿನ್ ಅಂಚಿಗ್ ತಾಗಿ ಒಡ್ದ್ ಹೋಯ್ತ್. ಚೂರೆಲ್ಲ ಹೆಕ್ಕಿದೆ. ಒಂದ್ ಸಿಕ್ಲಿಲ್ಲೆ."

"ಆಗ್ಳೇ ಹೇಳುಕಾಗ್ದಾ?"

"ಹೇಳುಕೇ ಬಂದದ್ದ್. ನೀವ್ ನಾಳೆ ಅಂದ್ರಿ. ಮರ್ದಿನ ಬಂದ್ರೆ ನೀವಿಲ್ಲೆ, ಲಾರಿನೂ ಇಲ್ಲೆ."

ಆಮೇಲೆ ಅವಳೇ ಕೇಳಿದಳು: "ಆ ಅಜ್ಜಿ ಈಗ ಊಟ ಮಾಡ್ತ್ರಾ ಸಾರ್?"

ಗೊತ್ತಿರಲಿಲ್ಲ. ದೂರು ಬಂದ ನಂತರ ನಾವು ಯಾರೂ ಅದನ್ನು ಕೇಳಿರಲಿಲ್ಲ.

ಅವಳು ಹೋದ ಮೇಲೆ ಈ ಪುಸ್ತಕದ ಹಿಂದಿನ ಪುಟ ತಿರುಗಿಸಿದೆ. ಸೆಪ್ಟೆಂಬರ್ 19. ‘ನಾಳೆ ಎಂದೆ.’ ನನ್ನದೇ ಅಕ್ಷರ.

ಅಕ್ಟೋಬರ್ 24, ಬೆಳಿಗ್ಗೆ 11

ವರದಿಯ ಫಾರಂ ಎದುರಿಗಿದೆ. ‘ಹೊಣೆಗಾರರು’ — ಒಂದೇ ಗೆರೆ. ಒಂದು ಹೆಸರಿಗೆಂದೇ ಅಳೆದು ಎಳೆದ ಹಾಗೆ. ವಿಶಾಲ್ ಎರಡು ಸಲ ಫೋನ್ ಮಾಡಿದ.

ಚಿಕ್ಕ ಅಕ್ಷರದಲ್ಲಿ ಬರೆದರೆ ಮೂರು ಹಿಡಿಯುತ್ತದೆ. ಮೊದಲು ನನ್ನದು, ಬಳೆಗೆ ಒಪ್ಪಿದವನು, ಕೇಳದೆ ಕಳಿಸಿದವನು. ಆಮೇಲೆ ಶರಣ್ಯಾ, ಒಡೆದ ದಿನವೇ ತಿಳಿಸಲು ಬಂದಿದ್ದಳು. ಮೂರನೆಯದು, ಎರಡನೇ ಮೇಜು ಎತ್ತಿಸಿದ ಕಂಪನಿ. ಆರು ರೂಪಾಯಿ ಕಡಿಮೆಯ ಬೇಳೆ ಕೊಂಡವನಿಗೆ ಫಾರಂನಲ್ಲಿ ಜಾಗ ಇಲ್ಲ.

ಸಹಿ ಹಾಕಿದೆ. ಮೆಟ್ಟಿಲಲ್ಲಿ ಬೂಟಿನ ಸದ್ದು, ವಿಶಾಲನದೇ. ಫಾರಂ ಮುಚ್ಚಿಡಲೇ? ಬೇಡ. ತೆರೆದೇ ಇರಲಿ, ಅವನು ಬಂದು ಓದಲಿ.